ಮೇಲಿನ ಪಾಠಕ್ಕೆ ಮುಂಚಿನ ಆತುರ

ಬೇಸಿಗೆಯ ರಜೆ ಬಂತೆಂದರೆ ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲೂಕುಗಳ ಮನೆಮನೆಗಳಲ್ಲಿ ಒಂದೇ ವಿಚಾರ ನಡೆಯುವದು. ಏಳನೆಯ ಇಯತ್ತೆ ಮುಗಿಸಿದ ಮಗನನ್ನು ಊರ ಹೈಸ್ಕೂಲಿಗೇ ಹಾಕುವದೊ, ಇಲ್ಲವೆ ಧಾರವಾಡಕ್ಕೊ ದಾವಣಗೆರೆಗೊ ಕಳಿಸಿ 'ಫೌಂಡೇಶನ್' ಎಂಬ ವರ್ಗಕ್ಕೆ ಸೇರಿಸುವದೊ? ಅಲ್ಲಿ ಎಂಟನೆಯ ಇಯತ್ತೆಯಿಂದಲೇ ಪಿಯುಸಿಯ ಪಾಠಗಳನ್ನು ಕಲಿಸುವರಂತೆ. ಹಾಗೆ ಕಲಿತವನಿಗೆ ಮುಂದೆ ವೈದ್ಯಕೀಯ, ಎಂಜಿನಿಯರಿಂಗ್ ಸೀಟು ಸುಲಭವಂತೆ. ಈ 'ಅಂತೆ'ಗಳ ಮೇಲೆ ಗೋವಿನಜೋಳದ ಇಡೀ ವರ್ಷದ ಹಣ ಹೋಗುತ್ತಿರುವದರಿಂದ ಈ ಸಲ ಇದನ್ನೇ ವಿಚಾರಿಸೋಣವೆಂದು ಬಗೆದೆವು.

ಸೀಟು ಕೊಡುವವರು ಏನನ್ನು ಎಣಿಸುವರೆಂಬುದನ್ನು ಮೊದಲು ತಿಳಿಯಬೇಕು. ನಮ್ಮ ರಾಜ್ಯದ ಎಂಜಿನಿಯರಿಂಗ್ ಪ್ರವೇಶಕ್ಕೆ ದ್ವಿತೀಯ ಪಿಯುಸಿಯ ಭೌತ, ರಸಾಯನ, ಗಣಿತಗಳ ಅಂಕಗಳಿಗೆ ಅರ್ಧ ತೂಕ, ಸಿಇಟಿಯ ಅಂಕಗಳಿಗೆ ಅರ್ಧ. ವೈದ್ಯಕೀಯಕ್ಕೆ ನೀಟ್ ಪರೀಕ್ಷೆಯ 720ರಲ್ಲಿ ಪಡೆದದ್ದೇ ಲೆಕ್ಕ. ಅದರ ಪಾಠಗಳು 11 ಮತ್ತು 12ನೆಯ ಇಯತ್ತೆಗಳವು. ಮೇಲಿನ ಪಾಠವನ್ನು ಮುಂಚೆಯೇ ಕಲಿತದ್ದಕ್ಕೆ ಎಲ್ಲಿಯೂ ಒಂದು ಅಂಕವಿಲ್ಲ. ಆದರೆ ಹತ್ತನೆಯ ಇಯತ್ತೆಯವರೆಗೆ ಎಲ್ಲಿ ಓದಿದ, ಯಾವ ಭಾಷೆಯಲ್ಲಿ ಓದಿದ ಎಂಬುದನ್ನು ಮಾತ್ರ ಕೇಳುವರು!

ಏಕೆಂದರೆ ರಾಜ್ಯದ ಪಾಲಿನ ಸೀಟುಗಳಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೆ ಶೇಕಡಾ 15, ಕನ್ನಡ ಮಾಧ್ಯಮದವರಿಗೆ ಶೇಕಡಾ 5 ಮೀಸಲುಂಟು. ಮೊದಲನೆಯದಕ್ಕೆ 1ರಿಂದ 10ನೆಯ ಇಯತ್ತೆಯವರೆಗೆ ಹತ್ತು ಪೂರ್ಣ ವರ್ಷ ಹಳ್ಳಿಯ ಶಾಲೆಯಲ್ಲಿ ಓದಿರಬೇಕು. ಎರಡನೆಯದಕ್ಕೆ ಅಷ್ಟೇ ವರ್ಷ ಕನ್ನಡದಲ್ಲಿ. ಏಳು ವರ್ಷ ಹಳ್ಳಿಯಲ್ಲಿ ಓದಿದವನು ಎಂಟನೆಯದಕ್ಕೆ ನಗರದ ಇಂಗ್ಲಿಷ್ ಶಾಲೆ ಸೇರಿದನೆಂದರೆ ಎರಡೂ ಹಕ್ಕುಗಳು ಒಂದೇ ದಿನ ಕಳೆದವು. ಮರುವರ್ಷ ಹುಡುಗ ಊರಿಗೆ ಮರಳಿದರೂ ಅವು ಮರಳವು. ಪುರಸಭೆ, ಪಟ್ಟಣ ಪಂಚಾಯತಿಗಳ ಮೇರೆಯೊಳಗಿನ ಶಾಲೆಯೂ ಹಳ್ಳಿಯ ಶಾಲೆ ಎನ್ನಿಸದು. ಆದುದರಿಂದ ಮಗನನ್ನು ತಾಲೂಕಿನ ಊರಿಗೆ ಕಳಿಸುವವರು ಸಹ ಇದನ್ನು ಲಕ್ಷ್ಯದಲ್ಲಿಡಬೇಕು. ಹಣ ಕಟ್ಟಿಸಿಕೊಳ್ಳುವವರು ಈ ಮಾತನ್ನು ತಾವಾಗಿ ಹೇಳಿದ್ದನ್ನು ನಾವಂತೂ ಕೇಳಿಲ್ಲ.

ಹಾಗಾದರೆ ಮುಂದಾಗಿ ಕಲಿಯುವದು ವ್ಯರ್ಥವೆ? ಎಲ್ಲರಿಗೂ ಅಲ್ಲ. ತಾಯಿ ರೊಟ್ಟಿ ಬಡಿಯುತ್ತಿರುವಾಗ ಎದುರಿಗೆ ಕುಳಿತು, ಪುಸ್ತಕ ಮುಚ್ಚಿ, ಅಂದಿನ ಪಾಠವನ್ನು ತನ್ನ ಮಾತಿನಲ್ಲಿ ಹೇಳಬಲ್ಲ ಹುಡುಗನಿಗೊ ಹುಡುಗಿಗೊ ಮುಂದಿನ ಪುಸ್ತಕವನ್ನು ಅಗತ್ಯವಾಗಿ ಕೊಡಿರಿ. ಉಳಿದವರಿಗೆ ಅವಸರವು ತೊಡಕೇ ಸರಿ. ಪಿಯುಸಿಯಲ್ಲಿ ಇಳಿಜಾರಿನ ಮೇಲಿನ ವಸ್ತುವಿನ ಲೆಕ್ಕ ಬಿಡಿಸಲಾರದವನು ಎಷ್ಟೋ ಸಲ ಎಡವಿರುವದು ಭೌತಶಾಸ್ತ್ರದಲ್ಲಲ್ಲ, ಹತ್ತನೆಯ ಇಯತ್ತೆಯ ತ್ರಿಕೋನಮಿತಿಯಲ್ಲಿ.

ಮುಂಚಿತವಾಗಿ ಕಲಿಯಲೇಬೇಕಾದುದು ಒಂದುಂಟು. ಪಿಯುಸಿಯ ವಿಜ್ಞಾನವನ್ನು ಹೆಚ್ಚಾಗಿ ಇಂಗ್ಲಿಷಿನಲ್ಲಿಯೇ ಕಲಿಸುವದರಿಂದ, 'ವೇಗೋತ್ಕರ್ಷ'ವನ್ನು ಚೆನ್ನಾಗಿ ಬಲ್ಲ ಹುಡುಗನು ಅಲ್ಲಿ 'ಆಕ್ಸಿಲರೇಶನ್' ಎಂಬುದನ್ನು ಕೇಳಿ ದಿಕ್ಕೆಟ್ಟು ಕೂಡುವನು. ಒಂಬತ್ತನೆಯ ಇಯತ್ತೆಯಿಂದ ದಿನಕ್ಕೆ ಐದು ಶಬ್ದಗಳಂತೆ, ಒಂದು ಮಗ್ಗುಲಿಗೆ ಕನ್ನಡ, ಒಂದು ಮಗ್ಗುಲಿಗೆ ಇಂಗ್ಲಿಷು, ನೋಟಬುಕ್ಕಿನಲ್ಲಿ ಬರೆಯಿಸಿರಿ. ಇದಕ್ಕೆ ಧಾರವಾಡದ ಬಸ್ಸು ಹತ್ತಬೇಕಾಗಿಲ್ಲ.

ಇನ್ನು, ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪ್ರಮಾಣಪತ್ರಗಳಿಗೆ ಶಾಲೆಯ ಮುಖ್ಯಾಧ್ಯಾಪಕರ ಸಹಿಯೂ ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿಯೂ ಬೇಕು. ಪ್ರಾಥಮಿಕ ಶಾಲೆ ಒಂದು ಊರು, ಹೈಸ್ಕೂಲು ಇನ್ನೊಂದು ಊರು ಆಗಿದ್ದವರು ಎರಡೂ ಕಡೆಯ ಕಾಗದಗಳನ್ನು ಸಿಇಟಿಯ ಗದ್ದಲ ತೊಡಗುವ ಮೊದಲೇ ತರಿಸಿಟ್ಟುಕೊಳ್ಳಬೇಕು.