ಸೋಸಿದರೂ ಉಳಿಯುವ ಫ್ಲೋರೈಡ್

ಪಾಠದ ನಡುವೆ ನಕ್ಕ ಹುಡುಗಿಯೊಬ್ಬಳು ತಟ್ಟನೆ ಬಾಯಿ ಮುಚ್ಚಿಕೊಂಡಳು. ಹಲ್ಲಿನ ಮೇಲೆ ಕಂದು ಕಲೆ. "ದಿನಾ ಸೋಸಿದ ನೀರೇ ಕುಡಿಯೋದು ಸಾರ್" ಎಂದಳು.

ಪಾವಗಡ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಮಿತಿಯನ್ನು ಮೀರಿದೆ. ಪಿಂಗಾಣಿ ಕ್ಯಾಂಡಲ್ ಬ್ಯಾಕ್ಟೀರಿಯಾವನ್ನು ತಡೆದೀತು. ಅದರ ರಂಧ್ರಗಳಿಗಿಂತ ನೂರಾರು ಪಟ್ಟು ಚಿಕ್ಕದಾದ ಫ್ಲೋರೈಡ್ ಅಯಾನು ನುಸುಳಿಬಿಡುತ್ತದೆ. ಕುದಿಸಿದರೂ ಹೋಗದು.

ನ್ಯಾನೋ ಪೊರೆಯ ಉಪಾಯವೇ ಬೇರೆ. ಆ ಪಾಲಿಮರ್ ಪೊರೆಯ ರಂಧ್ರಗಳು ಅತಿ ಸಣ್ಣವು. ಜೊತೆಗೆ ಅದರ ಮೈಗೆ ಋಣ ವಿದ್ಯುದಾವೇಶ. ಫ್ಲೋರೈಡಿಗೂ ಋಣ. ಸಜಾತೀಯ ಆವೇಶಗಳು ವಿಕರ್ಷಿಸುತ್ತವೆ ಎಂಬ ಶಾಲೆಯ ಪಾಠವೇ ಇಲ್ಲಿ ಕಾವಲುಗಾರ!

ತಡೆದ ಫ್ಲೋರೈಡ್ ಮಾತ್ರ ಮಾಯವಾಗದು. ಉಳಿಕೆ ನೀರಿನಲ್ಲಿ ಗಾಢವಾಗಿರುತ್ತದೆ. ಅದನ್ನು ಬಾವಿಯ ಬಳಿ ಚೆಲ್ಲಿದರೆ ಮತ್ತೆ ನಮ್ಮ ಲೋಟಕ್ಕೇ ಬಂದೀತು. ಓದುಗರೇ, ಮೊದಲು ನಿಮ್ಮೂರ ನೀರನ್ನು ಪರೀಕ್ಷೆ ಮಾಡಿಸಿ.