ಕೆರೆ ಹೊಂಡಗಳಲ್ಲಿ ಮೀನಿನ ಹಠಾತ್ ಕಾಯಿಲೆ

ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳು ಬಹುಮಟ್ಟಿಗೆ ಮಳೆಯನ್ನೇ ನೆಚ್ಚಿದ ಬೆದ್ದಲು ಸೀಮೆಯೆಂಬುದು ಸರ್ವವಿದಿತವಾದ ಸಂಗತಿ. ಸುವರ್ಣಾವತಿ, ಚಿಕ್ಕಹೊಳೆ ಜಲಾಶಯಗಳ ಅಚ್ಚುಕಟ್ಟನ್ನು ಬಿಟ್ಟರೆ ಉಳಿದೆಡೆ ಕೆರೆ ಬಾವಿಗಳೇ ಆಧಾರವಾಗಿದ್ದುವು. ಈಚಿನ ವರ್ಷಗಳಲ್ಲಿ ಕಬಿನಿಯ ನೀರನ್ನು ಏತದಿಂದ ಎತ್ತಿ ಕೆಲವು ಕೆರೆಗಳಿಗೆ ತುಂಬಿಸುವ ಏರ್ಪಾಟಾಗಿದೆ; 2014ರಲ್ಲಿ ಆರಂಭವಾದ ಕೃಷಿ ಭಾಗ್ಯ ಯೋಜನೆಯ ದೆಸೆಯಿಂದ ಹೊಲಗಳಲ್ಲಿಯೂ ಹಾಳೆ ಹಾಸಿದ ಹೊಂಡಗಳು ಕಾಣಿಸಿಕೊಂಡಿವೆ. ನೀರು ನಿಂತ ಕಡೆ ಮೀನು ಸಾಕುವ ಅಪೇಕ್ಷೆ ಹುಟ್ಟುವುದು ಸಹಜ. ಕೆರೆಯ ಪಾಶುವಾರು ಹಕ್ಕನ್ನು ಹಿಡಿದವರು ಕಾಟ್ಲಾ, ರೋಹು, ಮೃಗಾಲ್, ಸಾಮಾನ್ಯ ಗೆಂಡೆಗಳ ಮರಿಗಳನ್ನು ಬಿಟ್ಟು, ಹಾಕಿದ ಹಣ ಕೈಗೆ ಬರುವ ದಿವಸವನ್ನು ಎದುರು ನೋಡುತ್ತಿರುತ್ತಾರೆ.

ಇಂತಹ ಕೆರೆ ಹೊಂಡಗಳಲ್ಲಿ ಸಾಯಂಕಾಲ ಚೆನ್ನಾಗಿ ಆಡಿಕೊಂಡಿದ್ದ ಮೀನುಗಳು ಮರುದಿನ ಸೂರ್ಯೋದಯದ ಹೊತ್ತಿಗೆ ಬಾಯಿ ಬಿಡುತ್ತ ನೀರಿನ ಮೇಲಕ್ಕೆ ಬಂದು, ನೋಡನೋಡುತ್ತಿದ್ದಂತೆಯೇ ಪಕ್ಕಕ್ಕೆ ವಾಲಿ ಸಾಯುವುದುಂಟು. ಆಗ ಏರಿಯ ಮೇಲೆ ನೆರೆದವರ ಬಾಯಿಂದ ಹೊರಡುವ ಮೊದಲನೆಯ ಮಾತು, ಯಾರೋ ವಿಷ ಹಾಕಿದ್ದಾರೆಂಬುದು. ಎರಡನೆಯ ಮಾತು ಒಬ್ಬನ ಹೆಸರು. ಹರಾಜಿನಲ್ಲಿ ಸೋತವನಾಗಲಿ, ಬದುವಿನ ವ್ಯಾಜ್ಯದ ದಾಯಾದಿಯಾಗಲಿ, ಕಳೆದ ಚುನಾವಣೆಯಲ್ಲಿ ಎದುರು ನಿಂತವನಾಗಲಿ, ಹೆಸರಿಗೆ ಕೊರತೆಯಿರುವುದಿಲ್ಲ. 2018ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಸುಳ್ವಾಡಿಯ ದೇವಸ್ಥಾನದಲ್ಲಿ ಕೀಟನಾಶಕ ಬೆರೆತ ಪ್ರಸಾದವನ್ನು ತಿಂದು ಹಲವರು ಮೃತರಾದ ಘೋರ ಸಂಗತಿಯು ಜನರ ಮನಸ್ಸಿನಿಂದ ಮರೆಯಾಗದಿರುವಾಗ ವಿಷದ ಶಂಕೆ ಬೇಗನೆ ಹುಟ್ಟುವುದರಲ್ಲಿ ಆಶ್ಚರ್ಯವಿಲ್ಲ. ಆದರೆ ಬರಿಯ ಶಂಕೆಯ ಮೇಲೆ ಒಬ್ಬನನ್ನು ಪಂಚಾಯಿತಿಯ ಮುಂದೆ ನಿಲ್ಲಿಸುವುದು ಊರ ಯಜಮಾನರಿಗೆ ತಕ್ಕ ಕಾರ್ಯವಲ್ಲ. ವಿಷದಿಂದ ಸತ್ತ ಮೀನಿನ ಗುರುತುಗಳೇ ಬೇರೆ, ಉಸಿರು ಕಟ್ಟಿ ಸತ್ತ ಮೀನಿನ ಗುರುತುಗಳೇ ಬೇರೆ. ಹೊತ್ತೇರಿದ ಮೇಲೆ ಇವು ಅಳಿಸಿಹೋಗುತ್ತವಾದ್ದರಿಂದ ಮೊದಲು ನೋಡಬೇಕಾದದ್ದು ನೀರನ್ನು, ಮನುಷ್ಯನನ್ನಲ್ಲ.

ಮೀನಿಗೂ ಉಸಿರುಂಟು. ಅದು ನೀರಿನಲ್ಲಿ ಕರಗಿದ ಪ್ರಾಣವಾಯುವನ್ನು ಕಿವಿರುಗಳಿಂದ ಹೀರಿಕೊಂಡು ಬದುಕತಕ್ಕ ಜೀವಿ. 20 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರ್ ಸಿಹಿನೀರು ಗಾಳಿಯಿಂದ ಸುಮಾರು 9 ಮಿಲಿಗ್ರಾಂ ಪ್ರಾಣವಾಯುವನ್ನು ಹಿಡಿದಿಡಬಲ್ಲುದು. 30 ಡಿಗ್ರಿಗೆ ಏರಿದರೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ. 5 ಮಿಲಿಗ್ರಾಂ ಇರುವವರೆಗೆ ಗೆಂಡೆಗಳಿಗೆ ಸುಖ. 3ಕ್ಕಿಂತ ಕಡಿಮೆಯಾದರೆ ಸಂಕಟ. 1ರ ಆಸುಪಾಸಿಗೆ ಬಂದರೆ ಮರಣ. ಹಸುರುಗಟ್ಟಿದ ನೀರಿನಲ್ಲಿರುವ ಪಾಚಿಯು ಹಗಲಿನಲ್ಲಿ ಬಿಸಿಲಿನ ಬಲದಿಂದ ಪ್ರಾಣವಾಯುವನ್ನು ಹೊರಬಿಡುತ್ತದೆ. ರಾತ್ರಿ ತಾನೇ ಅದನ್ನು ಸೇವಿಸುತ್ತದೆ. ಆದಕಾರಣ ಕೆರೆಯ ಅತಿ ಬಡತನದ ಸಮಯವೆಂದರೆ ಕೋಳಿ ಕೂಗುವ ಜಾವ. ಸಗಣಿ, ಕೋಳಿಗೊಬ್ಬರ, ತವುಡು ಹಿಂಡಿಗಳನ್ನು ಅತಿಯಾಗಿ ಸುರಿದ ಹೊಂಡದಲ್ಲಿ ಎರಡು ಮೂರು ದಿವಸ ಮೋಡ ಕವಿದು ಗಾಳಿಯೂ ನಿಂತುಹೋದರೆ, ಹಗಲಿನ ಸಂಪಾದನೆ ಕಡಿಮೆಯಾಗಿ ರಾತ್ರಿಯ ವೆಚ್ಚ ಹಾಗೆಯೇ ಉಳಿಯುವುದರಿಂದ ಮೀನು ದಿವಾಳಿಯಾಗುತ್ತದೆ. ಮೇ ತಿಂಗಳಿನಲ್ಲಿ ಈ ಸೀಮೆಗೆ ಬೀಳುವ ಗುಡುಗು ಮಳೆಯೂ ಇದಕ್ಕೆ ಕಾರಣವಾಗಬಲ್ಲುದು. ಸೆಕೆಯಿಂದ ಕಾದ ಮೇಲುನೀರು ತಣ್ಣಗಾಗಿ ಕೆಳಗಿಳಿದು, ತಳದ ಕೊಳೆನೀರು ಮೇಲಕ್ಕೆ ಬರುವುದು.

ಗುರುತುಗಳ ವಿಚಾರದಲ್ಲಿ ಮೊದಲು ವೇಳೆ. ಉಸಿರು ಕಟ್ಟುವುದು ಬೆಳಗಿನ ಜಾವಕ್ಕೆ. ಬಿಸಿಲೇರಿದಂತೆ ಉಳಿದ ಮೀನುಗಳು ಚೇತರಿಸಿಕೊಳ್ಳುತ್ತವೆ. ವಿಷಕ್ಕೆ ಹೊತ್ತಿನ ನಿಯಮವಿಲ್ಲ. ಎರಡನೆಯದಾಗಿ ಸತ್ತವು ಯಾವುವೆಂದು ನೋಡತಕ್ಕದ್ದು. ಉಸಿರಿಲ್ಲದಾಗ ಸಾಮಾನ್ಯವಾಗಿ ದೊಡ್ಡ ಮೀನುಗಳು ಮೊದಲು ಸಾಯುತ್ತವೆ, ಮರಿಗಳು ತಡೆದುಕೊಂಡಿರುತ್ತವೆ. ಮೇಲಕ್ಕೆ ಬಂದು ಗಾಳಿ ನುಂಗಬಲ್ಲ ಕೊರವ, ಮುರುಗೋಡು ಮೊದಲಾದುವಕ್ಕೆ ಏನೂ ಆಗಿರುವುದಿಲ್ಲ. ವಿಷ ಬಿದ್ದಲ್ಲಿ ಮರಿಗಳೇ ಬೇಗ ಸಾಯುವುದುಂಟು. ಕಪ್ಪೆಮರಿ, ನೀರುಹುಳುಗಳೂ ಉಳಿಯವು. ಒಂದು ಗಾಜಿನ ಲೋಟದಲ್ಲಿ ಕೆರೆಯ ನೀರನ್ನು ತುಂಬಿ ಬೆಳಕಿಗೆ ಹಿಡಿದು ನೋಡಿದರೆ, ಚುಕ್ಕೆಯಷ್ಟು ಗಾತ್ರದ ಜೀವಿಗಳು ಕುಪ್ಪಳಿಸುತ್ತಿದ್ದರೆ ವಿಷದ ಮಾತನ್ನು ಬಹುಮಟ್ಟಿಗೆ ಬಿಡಬಹುದು. ಲೋಟವೊಂದಕ್ಕೆ ಆಗುವ ಖರ್ಚೇನು? ಆದರೂ ದೂರಿಗೆ ಮುಂಚೆ ಲೋಟವನ್ನು ಹಿಡಿಯುವವರು ವಿರಳ.

ಹಾಗೆಂದು ವಿಷವೇ ಬೀಳುವುದಿಲ್ಲವೆಂದು ಯಾರೂ ಹೇಳಲಾರರು. ಈ ತಾಲ್ಲೂಕುಗಳಲ್ಲಿ ಟೊಮೇಟೊ, ಈರುಳ್ಳಿ, ಬಾಳೆ, ಅರಿಸಿನ, ಚೆಂಡುಹೂವುಗಳನ್ನು ಬೆಳೆಯುವ ಹೊಲಗಳ ಪಕ್ಕದಲ್ಲಿಯೇ ಹೊಂಡಗಳಿವೆ. ಸೈಪರ್‌ಮೆಥ್ರಿನ್ ಮೊದಲಾದ ಕೀಟನಾಶಕಗಳು ಲೀಟರ್ ನೀರಿಗೆ ಮಿಲಿಗ್ರಾಮಿನ ಸಾವಿರದಲ್ಲಿ ಕೆಲವು ಭಾಗದಷ್ಟು ಸೇರಿದರೂ ಮೀನಿಗೆ ಮಾರಕ. ಹಗೆಯಿಂದ ವಿಷ ಹಾಕುವವನಿಗಿಂತ, ಸಿಂಪಡಿಸುವ ಡಬ್ಬಿಯನ್ನು ಅದೇ ಹೊಂಡದಲ್ಲಿ ಅಲ್ಲಾಡಿಸಿ ತೊಳೆದು ಬೀಡಿ ಹಚ್ಚಿಕೊಂಡು ಹೋಗುವ ಆಳಿನ ವಿಷಯದಲ್ಲಿ ಜಮೀನುದಾರರು ಹೆಚ್ಚು ಜಾಗರೂಕರಾಗಿರಬೇಕು. ಅವನಿಗೆ ಬೇರೆ ನೀರನ್ನು ಒದಗಿಸದೆ ಅವನನ್ನು ಬೈದು ಫಲವಿಲ್ಲ.

ನಿಜವಾದ ಅಂಟುರೋಗಗಳ ಚರ್ಯೆ ಮತ್ತೊಂದು ಬಗೆಯದು; ಅವು ಒಂದೇ ರಾತ್ರಿಯಲ್ಲಿ ಇಡೀ ಕೆರೆಯನ್ನು ಬರಿದು ಮಾಡುವುದು ಅಪರೂಪ. 1988ರಲ್ಲಿ ಈಶಾನ್ಯ ಪ್ರಾಂತಗಳ ಮೂಲಕ ಭಾರತವನ್ನು ಪ್ರವೇಶಿಸಿದ ಹುಣ್ಣುರೋಗದಲ್ಲಿ ಮೈಮೇಲೆ ಮೊದಲು ಕೆಂಪು ಮಚ್ಚೆ, ಬಳಿಕ ಆಳವಾದ ವ್ರಣ ಕಾಣುವುದು; ಅದಕ್ಕೆ ಮೂಲ ಅಫನೋಮೈಸಿಸ್ ಎಂಬ ಬೂಷ್ಟಿನಂತಹ ಜೀವಿ. ಚಳಿಗಾಲದಲ್ಲಿ ನೀರು ತಣ್ಣಗಾದಾಗ ಅದರ ಹಾವಳಿ ಹೆಚ್ಚು, ಉಸಿರು ಕಟ್ಟಿದಾಗ ಬದುಕುಳಿಯುವ ಕೊರವ ಮೀನೇ ಇದಕ್ಕೆ ಮೊದಲ ಬಲಿಗಳಲ್ಲೊಂದು. ಈ ರೋಗಕ್ಕೆ ಭುವನೇಶ್ವರದ ಕೇಂದ್ರೀಯ ಸಿಹಿನೀರು ಮತ್ಸ್ಯಕೃಷಿ ಸಂಸ್ಥೆಯವರು ಸಿಫಾಕ್ಸ್ ಎಂಬ ಔಷಧವನ್ನು ಸಿದ್ಧಪಡಿಸಿದ್ದಾರೆ.

ಪಟ್ಟಣಗಳಲ್ಲಿ ಸಮುದ್ರದ ಬಣ್ಣದ ಮೀನುಗಳನ್ನು ಗಾಜಿನ ತೊಟ್ಟಿಯಲ್ಲಿ ಸಾಕುವವರುಂಟು. ಉಪ್ಪುನೀರು ಸಿಹಿನೀರಿಗಿಂತ ಕಡಿಮೆ ಪ್ರಾಣವಾಯುವನ್ನು ಹಿಡಿಯುವುದರಿಂದ ಅವರಲ್ಲಿ ಅನುಭವಸ್ಥರು ಮೀನು ಮಂಕಾದೊಡನೆ ಔಷಧದ ಸೀಸೆಗೆ ಕೈ ಹಾಕದೆ ನೀರನ್ನು ಪರೀಕ್ಷಿಸುತ್ತಾರೆ, ಗಾಳಿಯ ಗುಳ್ಳೆಗಳನ್ನು ಹೆಚ್ಚಿಸುತ್ತಾರೆ, ರೋಗದ ಮೀನನ್ನು ಬೇರೆ ತೊಟ್ಟಿಗೆ ಸಾಗಿಸುತ್ತಾರೆ. ಕೆರೆಯ ಮೀನನ್ನು ಬೇರೆಡೆಗೆ ಸಾಗಿಸುವುದಂತೂ ಆಗದ ಮಾತು. ಉಳಿದೆರಡನ್ನು ರೈತನೂ ಮಾಡಬಲ್ಲನು. ಆದರೆ ಪೇಟೆಯ ಅಂಗಡಿಗೆ ಹೋದವನ ಕೈಗೆ ಸಿಕ್ಕುವುದು ಪೊಟ್ಟಣ. ಉಸಿರು ಕಟ್ಟಿದ ಹೊಂಡಕ್ಕೆ ಪರ್ಮ್ಯಾಂಗನೇಟನ್ನು ಹೆಚ್ಚಾಗಿ ಸುರಿದರೆ ಪಾಚಿ ಸತ್ತು ಕೊಳೆತು, ಇದ್ದ ಪ್ರಾಣವಾಯುವೂ ಹೋಗುವುದು. ಸುಣ್ಣವನ್ನು ಎಲ್ಲಕ್ಕೂ ಮದ್ದೆಂದು ಹಾಕುವ ರೂಢಿಯೂ ಅಪಾಯಕರ: ಗೊಬ್ಬರ ಹೆಚ್ಚಾಗಿ ಅಮೋನಿಯ ಸೇರಿದ ನೀರಿಗೆ ಸುಣ್ಣ ಬಿದ್ದರೆ, ಕ್ಷಾರಗುಣ ಹೆಚ್ಚಿ ಆ ಅಮೋನಿಯದ ವಿಷವು ಇಮ್ಮಡಿ ಮುಮ್ಮಡಿಯಾಗುತ್ತದೆ. ಔಷಧ ಬೇಕಾದಾಗಲೂ ಅಳತೆ ಮುಖ್ಯ. 20 ಮೀಟರ್ ಉದ್ದ, 20 ಮೀಟರ್ ಅಗಲದ ಹೊಂಡದಲ್ಲಿ ಸರಾಸರಿ 2 ಮೀಟರ್ ನೀರಿದ್ದರೆ ಅದು 800 ಘನಮೀಟರ್; ಘನಮೀಟರಿಗೆ 2 ಗ್ರಾಂ ಎಂದು ಹೇಳಿದ ಔಷಧ 1,600 ಗ್ರಾಂ ಆಗಬೇಕು. ಈ ಲೆಕ್ಕ ಹಾಕದೆ ಬೊಗಸೆಯಿಂದ ಎರಚುವುದು ಚಿಕಿತ್ಸೆಯಲ್ಲ.

ಮೀನು ಬಾಯಿ ಬಿಡುವುದನ್ನು ಕಂಡ ಕ್ಷಣವೇ ಮೇವು ಗೊಬ್ಬರಗಳನ್ನು ನಿಲ್ಲಿಸಿ, ಪಂಪಿನಿಂದ ಅದೇ ನೀರನ್ನು ಎತ್ತಿ ಮಳೆಯಂತೆ ಮತ್ತೆ ಅದರ ಮೇಲೆಯೇ ಬೀಳಿಸತಕ್ಕದ್ದು. ಕೊಳವೆಬಾವಿಯ ನೀರು ತಂಪಾಗಿದ್ದರೂ ಅದರಲ್ಲಿ ಪ್ರಾಣವಾಯು ಸ್ವಲ್ಪವೇ ಇರುವುದರಿಂದ ಅದನ್ನೂ ಕಲ್ಲಿನ ಅಥವಾ ಹಲಗೆಯ ಮೇಲೆ ಎತ್ತರದಿಂದ ಬೀಳಿಸಿ ಒಡೆಯಬೇಕು. ಬೆಳಗಿನ ಜಾವಕ್ಕೆ ವಿದ್ಯುತ್ತು ಇದ್ದೇ ಇರುವುದೆಂದು ನಂಬುವ ರೈತನು ಯಾರೂ ಇರಲಾರನಾದ್ದರಿಂದ, ಮೀನು ಬಿಟ್ಟ ಕೆರೆಗಳಿರುವ ಊರಿನಲ್ಲಿ ಡೀಸೆಲ್ ಪಂಪೊಂದು ಎಲ್ಲರಿಗೂ ಸೇರಿದಂತೆ ಸಿದ್ಧವಾಗಿರುವುದು ಲೇಸು. ಪಾಶುವಾರಿನವನೊಬ್ಬನ ಹೊಣೆಯೆಂದು ಊರಿನವರು ಕೈಕಟ್ಟಿ ನಿಂತರೆ, ಕೊಳೆತ ಮೀನಿನ ನೀರನ್ನು ಕುಡಿಯುವ ದನಗಳು ಊರಿನವರವೇ.

ವಿಷದ ಗುರುತುಗಳೇ ಕಂಡುಬಂದ ಪಕ್ಷದಲ್ಲಿ ಪಂಚರ ಸಮಕ್ಷಮದಲ್ಲಿ ಶುದ್ಧವಾದ ಗಾಜಿನ ಸೀಸೆಗಳಲ್ಲಿ ಕಂಠದವರೆಗೆ ನೀರನ್ನು ತುಂಬಿ, ಸಾಯುತ್ತಿರುವ ಅಥವಾ ಆಗತಾನೆ ಸತ್ತ ಕೆಲವು ಮೀನುಗಳೊಡನೆ ಮಂಜುಗಡ್ಡೆಯಲ್ಲಿಟ್ಟು, ವೇಳೆ ಮತ್ತು ಸ್ಥಳವನ್ನು ಬರೆದು ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಗೆ ಅದೇ ದಿವಸ ತಲಪಿಸಬೇಕು. ಕೊಳೆತ ಮೀನಿನಿಂದ ಯಾವ ಪ್ರಯೋಗಶಾಲೆಯೂ ಏನನ್ನೂ ಹೇಳಲಾರದು. ಫಲಿತಾಂಶ ಬರುವವರೆಗೆ ಆ ಮೀನನ್ನು ಅಗ್ಗದ ಬೆಲೆಗೆ ಸಂತೆಗೆ ಸಾಗಿಸಲು ಯಾರಿಗೂ ಅವಕಾಶ ಕೊಡದೆ, ನೀರಿನ ಸೆಲೆಗಳಿಂದ ದೂರದಲ್ಲಿ ಆಳವಾದ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿಸತಕ್ಕದ್ದು. ದನಕರುಗಳನ್ನು ಆ ಕೆರೆಗೆ ಇಳಿಸಬಾರದು.