ಹಕ್ಕಿಗಳ ಗೂಡೂ ಹುಣಸೆಯ ಫಸಲೂ

2022ನೆಯ ಇಸವಿ ಡಿಸೆಂಬರ್ ಮಾಹೆಯಲ್ಲಿ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ನೆರೆದ ರಾಷ್ಟ್ರಗಳು, 2030ರೊಳಗಾಗಿ ಭೂಮಂಡಲದ ನೆಲಜಲಗಳಲ್ಲಿ ನೂರಕ್ಕೆ 30 ಪಾಲನ್ನು ಜೀವಸಂಕುಲದ ರಕ್ಷಣೆಗಾಗಿ ಕಾಪಿಡತಕ್ಕುದೆಂದು ನಿಶ್ಚಯಿಸಿದವು. ಇಂತಹ ನಿಶ್ಚಯವು ಕಾಗದದಿಂದ ಹಿತ್ತಿಲಿಗೆ ಇಳಿಯುವ ಬಗೆಯನ್ನು ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಕಾಣಬಹುದು.

ಅಲ್ಲಿ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುವುದು ಕಾಡಿನಲ್ಲಲ್ಲ. ಮನೆಗಳ ನಡುವೆ ರೈತರ ಸ್ವಂತದ ಹುಣಸೆ, ಅರಳಿ ಮರಗಳಲ್ಲಿ. ಹಿಕ್ಕೆಯು ಉತ್ತಮವಾದ ಗೊಬ್ಬರವೇನೋ ಹೌದು. ಆದರೆ ಮರಿಗಳಿರುವಾಗ ಹುಣಸೆ ಬಡಿಯುವಂತಿಲ್ಲವಾದ ಕಾರಣ ಫಸಲಿನ ನಷ್ಟವು ಮರದ ಒಡೆಯನ ಪಾಲಿಗೇ ಬರುತ್ತದೆ. ಇದಕ್ಕಾಗಿ ಅರಣ್ಯ ಇಲಾಖೆಯವರು ಪರಿಹಾರಧನ ಕೊಡುವ ಪದ್ಧತಿಯನ್ನು ತಂದರು; 2007ರಲ್ಲಿ ಈ ಗ್ರಾಮವು ಸಮುದಾಯ ಮೀಸಲು ಪ್ರದೇಶವೆನಿಸಿತು.

ಮೀಸಲೆಂಬ ಮಾತು ಕಿವಿಗೆ ಬಿದ್ದೊಡನೆ ಜಮೀನು ಕೈಬಿಟ್ಟಿತೆಂದು ಅಂಜುವವರುಂಟು. ಇಂತಹ ಮೀಸಲಿಗೆ ಜನರು ತಾವಾಗಿ ಮುಂದೆ ಬರಬೇಕೆಂಬುದೇ ಕಾನೂನಿನ ನಿಯಮ. ಒಡೆತನವೂ ಸರ್ಕಾರಕ್ಕೆ ಹೋಗದು. ಆದಾಗ್ಯೂ ಒಮ್ಮೆ ಘೋಷಣೆಯಾದ ಮೇಲೆ ಭೂಮಿಯ ಬಳಕೆಯನ್ನು ಬದಲಿಸಲು ಆಡಳಿತ ಸಮಿತಿಯ ನಿರ್ಣಯವೂ ಸರ್ಕಾರದ ಒಪ್ಪಿಗೆಯೂ ಬೇಕು. ಇದು ಅಲ್ಪ ನಿರ್ಬಂಧವಲ್ಲ. ಗ್ರಾಮದ ಮುಖ್ಯಸ್ಥರು ಇದನ್ನು ಮುಚ್ಚಿಡದೆ, ಒಪ್ಪಿಗೆಗೆ ಮುಂಚೆಯೇ ಸಭೆಯಲ್ಲಿ ಓದಿ ಹೇಳತಕ್ಕುದು.

ಪರಿಹಾರವಾದರೂ ಪೇಟೆಯಲ್ಲಿ ಹುಣಸೆಯ ಧಾರಣೆ ಏರಿದಂತೆ ಏರಬೇಕು. ಹಳೆಯ ದರಕ್ಕೆ ಹೊಸ ನಷ್ಟವನ್ನು ಸಹಿಸೆಂದರೆ ಯಾವ ಒಡೆಯನೂ ಬಹುಕಾಲ ಕೊಡಲಿಯನ್ನು ಮೂಲೆಯಲ್ಲಿಡನು. ಸಮಿತಿಗೆ ಕನಿಷ್ಠಪಕ್ಷ ಐವರು ಪ್ರತಿನಿಧಿಗಳನ್ನು ಹೆಸರಿಸುವ ಅಧಿಕಾರವು ಗ್ರಾಮ ಪಂಚಾಯಿತಿಗೇ ಇರುವುದರಿಂದ, ಗೂಡುಳ್ಳ ಮರಗಳ ಒಡೆಯರನ್ನೇ ಮೊದಲು ಆರಿಸುವುದು ಯುಕ್ತ.